ಎಂಟು ಮಾರಿನ ಮರ

ಮೊದಲ ಸಲ ಕಂಡಾಗ ಅದು ಮರ ಅಂತ ಅನ್ನಿಸಲೇ ಇಲ್ಲ. ದೊಡ್ಡದೊಂದು ಆನೆ ನಮ್ಮ ಕಡೆ ಬೆನ್ನು ಹಾಕಿ ನಿಂತಿದೆ ಅನ್ನಿಸಿತು. ಅದೇ ಬೂದು ಬಣ್ಣ, ಅದೇ ಮಡಿಕೆ ಬಿದ್ದ ಚರ್ಮ.

2022ರ ಜೂನ್ ತಿಂಗಳು. ಹಾವೇರಿಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಅಪ್ಪ, ನಾನು ಸವಣೂರಿನ ಬಸ್ಸು ಹತ್ತಿದ್ದೆವು. ಅಲ್ಲಿನ ದೊಡ್ಡಹುಣಸೆ ಕಲ್ಮಠದಲ್ಲಿ ಮೂರು ಹಳೇ ಮರಗಳಿವೆ, ನೋಡಲೇಬೇಕು ಅಂತ ಅಪ್ಪ ಎಷ್ಟೋ ವರ್ಷದಿಂದ ಹೇಳುತ್ತಿದ್ದರು.

ಹೆಸರಲ್ಲಿ ಹುಣಸೆ ಇದ್ದರೂ ನಮ್ಮ ಹುಣಸೆಗೂ ಇದಕ್ಕೂ ಸಂಬಂಧ ಇಲ್ಲ. ಇದು ಬಾವೋಬಾಬ್, ಆಫ್ರಿಕಾದ ಮರ. ಕಾಯಿ ಒಡೆದರೆ ಒಳಗಿನ ಬಿಳಿ ತಿರುಳು ಹುಳಿಹುಳಿ. ಅದಕ್ಕೇ ಈ ಹೆಸರು ಬಂದಿರಬೇಕು. ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದೆ. "ಕೃಷ್ಣ ಪರಮಾತ್ಮ ತಂದು ಹಚ್ಚಿದ್ದು ಅಂತಾರ ತಮ್ಮಾ" ಅಂದರು. ಸಮುದ್ರ ದಾಟಿ ಬಂದ ವ್ಯಾಪಾರಿಗಳ ಜೊತೆ ಬೀಜ ಬಂದಿರಬಹುದು ಅಂತ ನಾನು ಓದಿದ್ದೆ. ಅಜ್ಜಿಯ ಮುಂದೆ ಅದನ್ನು ಹೇಳಲಿಲ್ಲ. ಎರಡೂ ಮಾತಿನಲ್ಲಿ ಮರ ದೂರದಿಂದ ಬಂದದ್ದೇ ಅಲ್ವಾ?

ಅಪ್ಪ ಚಪ್ಪಲಿ ಬಿಟ್ಟು ಒಂದು ಮರದ ಹತ್ತಿರ ಹೋದರು. ಎದೆಯನ್ನು ಕಾಂಡಕ್ಕೆ ಒತ್ತಿ ಎರಡೂ ಕೈ ಚಾಚಿದರು. ಬಾವಿ ತೋಡಿಸುವಾಗ ಹಗ್ಗವನ್ನು ಮಾರು ಹಾಕಿ ಅಳೆದ ಕೈಗಳು ಅವು. "ಬೆರಳು ಮುಟ್ಟಿದ ಜಾಗ ಹಿಡ್ಕೋ" ಅಂದರು. ನಾನು ಅಲ್ಲಿ ಬೆರಳಿಟ್ಟೆ. ಅವರು ಮುಂದಕ್ಕೆ ಸರಿದು ಮತ್ತೆ ಕೈ ಚಾಚಿದರು. ಒಂದು ಮಾರು, ಎರಡು ಮಾರು. ಹೀಗೆ ಪೂರ್ತಿ ಸುತ್ತು ಬಂದಾಗ ಎಂಟು ಮಾರಾಗಿತ್ತು. ಅಪ್ಪನ ಬಿಳಿ ಅಂಗಿಯ ಮುಂಭಾಗವೆಲ್ಲ ಬೂದು ಧೂಳು. ಕೆನ್ನೆಗೂ ಮೆತ್ತಿತ್ತು.

ಅಷ್ಟು ಹೊತ್ತು ತೊಗಟೆಗೆ ಬೆರಳು ಒತ್ತಿಕೊಂಡು ನಿಂತಿದ್ದ ನನಗೆ ಅದು ತಣ್ಣಗಿದೆ ಅನ್ನಿಸಿತು. ಈ ಮರದ ದಪ್ಪವೆಲ್ಲ ನೀರಿನ ಲೆಕ್ಕ. ಒಳಗಿರುವುದು ತೇಗದ ಥರ ಗಟ್ಟಿ ಕಟ್ಟಿಗೆ ಅಲ್ಲ, ನಾರುನಾರಾದ ಮೆತ್ತನೆಯ ಕಟ್ಟಿಗೆ. ಮಳೆಗಾಲದಲ್ಲಿ ನೀರು ಹೀರಿ ಇಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ, ಬೇರು ಮೇಲೆ ಮಾಡಿ ನೆಟ್ಟ ಹಾಗೆ ಬೋಳಾಗಿ ನಿಲ್ಲುತ್ತದೆ. ವಯಸ್ಸಾದಂತೆ ಕಾಂಡ ಟೊಳ್ಳಾಗುವುದೂ ಜಾಸ್ತಿ. ಹಾಗಾಗಿ ಉಂಗುರ ಎಣಿಸಿ ವಯಸ್ಸು ಹೇಳೋದು ಕಷ್ಟ. ಆದರೆ ಎಂಟು ಮಾರು ಸುತ್ತಿ ಬಂದ ಮೇಲೆ ವಯಸ್ಸಿನ ಅಂಕಿ ನನಗೆ ಬೇಕೂ ಆಗಲಿಲ್ಲ.

ನಾವು ಹೋದಾಗ ಎಲೆ ಚಿಗುರಿತ್ತು. ಅಂಗೈಯಿಂದ ಬೆರಳು ಬಿಡಿಸಿದ ಹಾಗೆ ಎಲೆ. ನೆಲದ ಮೇಲೆ ಒಂದು ಹೂವು ಬಿದ್ದಿತ್ತು. ಎತ್ತಿಕೊಂಡೆ, ಅಂಗೈ ತುಂಬಿತು. ಹಿಂದಕ್ಕೆ ಮಡಚಿಕೊಂಡ ಬಿಳಿ ದಳಗಳು ಆಗಲೇ ಅಂಚಿನಲ್ಲಿ ಕಂದು ತಿರುಗಿದ್ದವು. ನಡುವೆ ಪೌಡರ್ ಹಚ್ಚುವ ಪಫ್ಫಿನಂಥ ಕೇಸರಗಳ ಗುಚ್ಛ. ಇದು ಸಂಜೆ ಅರಳುವ ಹೂವು. ಬಾವಲಿಗಳು ಪರಾಗ ಹೊರುತ್ತವೆ. ಮಾರನೇ ದಿನವೇ ಬಾಡಿಹೋಗುತ್ತದೆ. ಇಷ್ಟು ಹಳೇ ಮರಕ್ಕೆ ಒಂದೇ ರಾತ್ರಿಯ ಹೂವು! ನಾನು ಅದನ್ನು ಕರ್ಚೀಫಿನಲ್ಲಿ ಸುತ್ತಿ ತಂದೆ. ಊರು ಮುಟ್ಟುವಷ್ಟರಲ್ಲಿ ಕಪ್ಪಾಗಿ, ಕೆಟ್ಟ ವಾಸನೆ ಬರುತ್ತಿತ್ತು. ಆದರೂ ಎಸೆಯಲು ಮನಸ್ಸಾಗಲಿಲ್ಲ.

ಮುಂದಿನ ವರ್ಷ, 2023ರ ಮಳೆಗಾಲ. ಮೊಬೈಲಿನಲ್ಲಿ ಸುದ್ದಿ ಬಂತು. ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತ್ತು. ಫೋಟೋ ನೋಡಿ ಕೈಕಾಲು ತಣ್ಣಗಾಯಿತು. ಇವು ನಮ್ಮ ನಂತರವೂ ಹೀಗೇ ಇರುತ್ತವೆ ಅಂತ ಅಂದು ಯೋಚನೆಯನ್ನೇ ಮಾಡದೆ ನಂಬಿದ್ದೆ.

ಅಪ್ಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾವುದು? ನಾವು ಮಾರು ಹಾಕಿದ್ದಾ?" ಅಂದರು.

ಫೋಟೋ ದೊಡ್ಡದು ಮಾಡಿ ನೋಡಿದೆ. ಮಲಗಿದ ಮರ ಬೇರೆಯೇ ಥರ ಕಾಣುತ್ತದೆ. ಗುರುತು ಸಿಗಲಿಲ್ಲ.

ಆಮೇಲೆ ಅದನ್ನು ಹಾಗೇ ಬಿಡಲಿಲ್ಲ. ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಆ ಸುದ್ದಿ ತಿಳಿದ ದಿನವೂ ಅಪ್ಪನಿಗೆ ಫೋನ್ ಮಾಡಿದೆ. "ಮಳೆ ನಿಲ್ಲಲಿ, ಹೋಗೋಣ" ಅಂದರು. "ಈ ಸಲ ಮೂರಕ್ಕೂ ಮಾರು ಹಾಕಿ ಬರೋಣ."