ಎಲೆ ತಿರುಗಿಸಿದವರ ಪಾಲು

ಅಪ್ಪಯ್ಯ ಬೆಂಗಳೂರಿಗೆ ಬಂದು ನಮ್ಮ ಜೊತೆ ಇರತೊಡಗಿ ಮೂರು ತಿಂಗಳಾಗಿತ್ತು. ಊಟಕ್ಕೆ ಕುಳಿತರೆ ಎರಡು ತುತ್ತು ಅನ್ನ, ಒಂದಿಷ್ಟು ಮಜ್ಜಿಗೆ; ಅಷ್ಟಕ್ಕೇ ಕೈ ತೊಳೆದುಬಿಡುತ್ತಿದ್ದರು. ಏನು ಮಾಡಲಿ ಎಂದು ಕೇಳಿದರೆ "ಯಾವುದಾದರೂ ಆದೀತು" ಎನ್ನುವವರು, ಜುಲೈ ತಿಂಗಳ ಒಂದು ಸಂಜೆ ಜಿಟಿಜಿಟಿ ಮಳೆ ಹಿಡಿದಿದ್ದಾಗ ಕಿಟಕಿಯಾಚೆ ನೋಡುತ್ತಾ ತಾವಾಗಿಯೇ ಹೇಳಿದರು: "ನಿನ್ನ ಅಮ್ಮ ಇದ್ದಿದ್ದರೆ ಇಂಥ ಮಳೆಗೆ ಶಾವಿಗೆಗೆ ಅಕ್ಕಿ ನೆನೆಹಾಕುತ್ತಿದ್ದಳು."

ಅಮ್ಮ ಹೋಗಿ ಆರು ವರ್ಷ. ಆರು ವರ್ಷದಿಂದ ನಮ್ಮಲ್ಲಿ ಯಾರೂ ಒತ್ತು ಶಾವಿಗೆ ಮಾಡಿರಲಿಲ್ಲ. ಮಲೆನಾಡಿನವಳಾಗಿ ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಅಂಗಡಿಯಿಂದ ಒಣಗಿದ ಅಕ್ಕಿ ಶಾವಿಗೆಯ ಪೊಟ್ಟಣ ತಂದು ಬಿಸಿನೀರಿನಲ್ಲಿ ಬೇಯಿಸಿ ಒಗ್ಗರಣೆ ಹಾಕಿದ್ದು ಎಷ್ಟೋ ಸಲ. ಅಪ್ಪಯ್ಯ ಅದನ್ನು ಮಾತಿಲ್ಲದೆ ತಿನ್ನುತ್ತಿದ್ದರು. ಆದರೆ ಅದನ್ನು ಶಾವಿಗೆ ಎಂದು ಅವರು ಒಮ್ಮೆಯೂ ಕರೆದವರಲ್ಲ.

ತೀರ್ಥಹಳ್ಳಿ, ಕೊಪ್ಪದ ಕಡೆ ಮಳೆಗಾಲವೆಂದರೆ ತಿಂಗಳುಗಟ್ಟಲೆ ಒದ್ದೆ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗದ್ದೆ ಕೆಲಸ ಮುಗಿಸಿ ಕಂಬಳಿಕೊಪ್ಪೆ ಕಳಚಿ ಒಳಗೆ ಬಂದವರಿಗೆ ಒಲೆಯ ಪಕ್ಕದಲ್ಲೇ ಬಿಸಿಬಿಸಿಯಾಗಿ ಎಲೆಯ ಮೇಲೆ ಇಳಿಯುವ ಶಾವಿಗೆಗಿಂತ ದೊಡ್ಡ ಸಮಾಧಾನ ಇರಲಿಲ್ಲ. ಕರಾವಳಿಯಲ್ಲಿ ಇದೇ ಸೇಮಿಗೆ, ಕೊಡಗಿನಲ್ಲಿ ಇದರ ನಂಟು ನೂಪುಟ್ಟು. ಇಡಿಯಪ್ಪವೂ ಇದೂ ಒಂದೇ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇಡಿಯಪ್ಪದಲ್ಲಿ ಹಿಟ್ಟನ್ನು ಮೊದಲು ಒತ್ತಿ ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮಲ್ಲಿ ಉಂಡೆ ಪೂರ್ತಿ ಬೆಂದ ಮೇಲೆಯೇ ಶಾವಿಗೆ ಒತ್ತುವ ಒರಳಿಗೆ ಬೀಳುವುದು. ಎಳೆ ಹೊರಬಂದ ಕ್ಷಣದಿಂದಲೇ ತಿನ್ನಬಹುದು. ಆ ಹದವೂ ಬೇರೆ, ಆ ಮೆದುವೂ ಬೇರೆ.

ಮರುದಿನವೇ ಅಕ್ಕಿ ನೆನೆಹಾಕಿದೆ. ದಿನವೂ ಅನ್ನಕ್ಕೆ ಬಳಸುವ ಸೋನಾಮಸೂರಿ. ರುಬ್ಬಿ, ಬಾಣಲೆಯಲ್ಲಿ ಮಗುಚಿ, ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಟ್ಟೆ. ಹತ್ತು ನಿಮಿಷ ಕಳೆದು ಮುಚ್ಚಳ ತೆಗೆದರೆ ನೀರೆಲ್ಲ ಬೆಳ್ಳಗೆ ಗಂಜಿಯಾಗಿತ್ತು, ಉಂಡೆಗಳ ಮೈ ಕರಗಿ ಅರ್ಧವಾಗಿತ್ತು. ಉಳಿದದ್ದನ್ನು ಒತ್ತಿದಾಗ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಬಿದ್ದವು. ಅದನ್ನೆಲ್ಲ ಬದಿಗಿಟ್ಟು, ಅಂದು ರಾತ್ರಿ ಕೊಪ್ಪದ ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಅಲ್ಲಾ ಹುಡುಗಿ, ಹೊಸ ಅಕ್ಕಿ ಹಾಕಿದೆಯಾ?" ಎಂದರು, ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ. ಒಂದು ವರ್ಷವಾದರೂ ಹಳತಾದ ಅಕ್ಕಿ ಬೇಕು, ಸಿಗದಿದ್ದರೆ ದೋಸೆ ಅಕ್ಕಿ ನಡೆಯುತ್ತದೆ. ಹೊಸ ಅಕ್ಕಿ ಜಿಗುಟು ಬಿಡುತ್ತದೆ. ಒಂದು ಸೇರಿಗೆ ಒಂದು ಹಿಡಿ ಕಾಯಿತುರಿ ಹಾಕಿ ಗಂಧದಂತೆ ನುಣ್ಣಗೆ ರುಬ್ಬಬೇಕು, ಬೆರಳ ನಡುವೆ ಒಂದು ತರಿಯೂ ಸಿಗಬಾರದು. ತರಿಯಿದ್ದರೆ ಒರಳಿನ ತಳದ ಬಿಲ್ಲೆಯ ತೂತು ಕಟ್ಟಿಕೊಳ್ಳುತ್ತದೆ. ಹಿಟ್ಟು ದೋಸೆಯದಕ್ಕಿಂತ ತೆಳ್ಳಗಿರಲಿ. ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ. ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚುತ್ತಾ ಇರಬೇಕು. "ಹಿಟ್ಟು ಬಾಣಲೆಯ ಸಂಗ ಬಿಟ್ಟು ಸೌಟಿನ ಹಿಂದೆಯೇ ಬರಬೇಕು. ಅಲ್ಲಿಯವರೆಗೆ ಕೈ ನೋವು ಎನ್ನಬಾರದು."

ಭಾನುವಾರ ಬೆಳಗ್ಗೆ ಐದೂವರೆಗೆ ಎದ್ದೆ. ದೋಸೆ ಅಕ್ಕಿ ರಾತ್ರಿಯಿಡೀ ನೆನೆದಿತ್ತು. ಮಗುಚುವಾಗ ಮೊದಲು ಏನೂ ಆಗುವುದಿಲ್ಲ. ನೀರು ನೀರಾಗಿ ಅಲುಗುತ್ತದೆ. ಆಮೇಲೆ ತಳದಲ್ಲಿ ಅಲ್ಲಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ, ಎದೆ ಧಸಕ್ ಎನ್ನುತ್ತದೆ. ಬಿಡದೆ ಮಗುಚಿದರೆ ಗಂಟುಗಳೆಲ್ಲ ಕೂಡಿ ಬಿಳಿಯ ಹಿಟ್ಟು ಒಮ್ಮೆಗೇ ಹೊಳಪಿಗೆ ತಿರುಗುತ್ತದೆ. ಆ ಹೊಳಪು ಕಂಡಾಗ ಅಮ್ಮನ ಒಲೆಯ ಮುಂದೆಯೇ ನಿಂತಂತಾಯಿತು. ಒದ್ದೆ ಕೈಯಲ್ಲಿ ಮುಷ್ಟಿ ಗಾತ್ರದ ಉಂಡೆ ಕಟ್ಟಿ ಕುದಿನೀರಿಗೆ ಬಿಟ್ಟೆ. ತಳಕ್ಕೆ ಮುಳುಗಿದವು ಸ್ವಲ್ಪ ಹೊತ್ತಿನಲ್ಲಿ ಒಂದೊಂದಾಗಿ ಮೇಲೆ ತೇಲಿ ಬಂದವು. ನೀರು ತಿಳಿಯಾಗಿಯೇ ಇತ್ತು.

ಇನ್ನು ಒರಳು. ಅಜ್ಜಿಯ ಕಾಲದಲ್ಲಿ ಮರದ ಒರಳಿತ್ತು, ಅದನ್ನು ಗೆದ್ದಲು ತಿಂದು ಎಷ್ಟೋ ಕಾಲವಾಯಿತು. ನನ್ನಲ್ಲಿರುವುದು ಅಮ್ಮ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡ ಮೂರು ಕಾಲಿನ ಕಬ್ಬಿಣದ ತಿರುಪಿನ ಒರಳು. ಊರಿನ ಮನೆ ಖಾಲಿ ಮಾಡುವಾಗ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದಿದ್ದೆ. ಉಂಡೆಗಳನ್ನೆಲ್ಲ ತಟ್ಟೆಗೆ ತೆಗೆದು, ಒಂದನ್ನು ಒರಳಿಗೆ ತುಂಬಿ ಹಿಡಿ ತಿರುಗಿಸಿದೆ. ನಾಲ್ಕು ಸುತ್ತು ಬಂತು, ಐದನೆಯದಕ್ಕೆ ನಿಂತಿತು. ಮಗ ಎರಡೂ ಕೈಯಲ್ಲಿ ಕಾಲುಗಳನ್ನು ಹಿಡಿದ, ನಾನು ಮೈಭಾರವೆಲ್ಲ ಹಾಕಿದೆ. ತಿರುಪು ಕಿರ್ ಎಂದು ನರಳಿತು, ಅಷ್ಟೆ.

ಹಾಲಿನಿಂದ ಅಪ್ಪಯ್ಯನ ಧ್ವನಿ ಬಂತು: "ಒರಳು ತಣ್ಣಗಿದೆ. ನಿಲ್ಲಿಸು."

ಕೋಲೂರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಅಡುಗೆಯ ವಿಷಯದಲ್ಲಿ ಅವರು ಬಾಯಿ ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅನ್ನಕ್ಕೆ ನೀರೆಷ್ಟು ಎಂಬುದೂ ಅವರಿಗೆ ಗೊತ್ತಿಲ್ಲ. ಆದರೆ ಅಂದು ಕುರ್ಚಿ ಎಳೆದು ಕುಳಿತು ಒಂದೊಂದಾಗಿ ಹೇಳತೊಡಗಿದರು. ಒರಳಿನ ಹೊಟ್ಟೆಗೆ ಕುದಿನೀರು ಹೊಯ್ದು ಕಬ್ಬಿಣ ಬಿಸಿ ಮಾಡಿಕೊಳ್ಳಬೇಕು. ಒಳಗೂ ಬಿಲ್ಲೆಗೂ ಕೊಬ್ಬರಿ ಎಣ್ಣೆ ಸವರಬೇಕು. ಉಂಡೆಗಳನ್ನು ಒಟ್ಟಿಗೆ ತೆಗೆಯಲೇಬಾರದು. ನೀರು ಕುದಿಯುತ್ತಲೇ ಇರಲಿ, ಒಂದು ಒತ್ತಿ ಮುಗಿದ ಮೇಲೆ ಇನ್ನೊಂದನ್ನು ಎತ್ತಬೇಕು. ಆರಿದ ಉಂಡೆ ಕಲ್ಲಾಗುತ್ತದೆ. "ತಿರುಗಿಸಲು ಹೊರಟ ಮೇಲೆ ನಡುವೆ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ನಿಂತರೆ ಎಳೆ ಕಡಿಯುತ್ತದೆ."

ಆಗ ನೆನಪಾಯಿತು. ಅಮ್ಮ ಹಿಟ್ಟು ಕಾಯಿಸುತ್ತಿದ್ದಳು, ಉಂಡೆ ಕಟ್ಟುತ್ತಿದ್ದಳು, ಆದರೆ ಒತ್ತುತ್ತಿದ್ದವರು ಅಪ್ಪಯ್ಯ. ತೋಳು ಮಡಚಿಕೊಂಡು, ಬೆನ್ನು ಬೆವರಿ, ಮೂವತ್ತು ಉಂಡೆಯಾದರೂ ಒಂದೇ ಸಮ ತಿರುಗಿಸುತ್ತಿದ್ದರು. ಇಷ್ಟು ವರ್ಷ ಶಾವಿಗೆ ಅಮ್ಮನ ಜೊತೆಗೇ ಹೋಯಿತೆಂದು ನಾನು ತಿಳಿದಿದ್ದೆ. ಅದರ ಅರ್ಧ ಮೂರು ತಿಂಗಳಿಂದ ನಮ್ಮ ಮನೆಯ ಹಾಲಿನಲ್ಲೇ ಕುಳಿತಿತ್ತು, ನಾನು ಕೇಳಿರಲಿಲ್ಲ.

ತಟ್ಟೆಯಲ್ಲಿದ್ದ ಉಂಡೆಗಳನ್ನು ಮತ್ತೆ ಕುದಿನೀರಿಗೆ ಹಾಕಿ, ಅವರು ಹೇಳಿದಂತೆಯೇ ಮಾಡಿದೆ. ಈ ಸಲ ತಿರುಪು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಬಿಲ್ಲೆಯ ತೂತುಗಳಿಂದ ಮೊದಲು ಬಿಳಿಯ ಚುಕ್ಕೆಗಳು, ಆಮೇಲೆ ನೂಲುಗಳು, ಹಬೆಯಾಡುತ್ತಾ ಕೆಳಗೆ. ಅಪ್ಪಯ್ಯ ಮುಂದಕ್ಕೆ ಬಾಗಿ ಬಾಳೆಎಲೆಯ ತುಂಡನ್ನು ಒರಳಿನ ಕೆಳಗೆ ಮೆಲ್ಲಗೆ ತಿರುಗಿಸತೊಡಗಿದರು. ಎಲೆ ಸಮನಾಗಿ ಸುತ್ತಿದರೆ ಎಳೆಗಳು ಸುರುಳಿಯಾಗಿ ಕೂರುತ್ತವೆ, ಇಲ್ಲದಿದ್ದರೆ ಒಂದೇ ಕಡೆ ರಾಶಿ ಬೀಳುತ್ತವೆ. ಅದು ಬಾಲ್ಯದಲ್ಲಿ ನನ್ನ ಕೆಲಸ. ಈಗ ಅವರ ಬೆರಳು ಸ್ವಲ್ಪ ನಡುಗುತ್ತಿತ್ತು, ಸುರುಳಿ ಮಾತ್ರ ದುಂಡಗೇ ಬಂತು.

ಕಾಯಿಹಾಲಿಗೆ ಎಳ್ಳು ಹುರಿದು ಪುಡಿ ಮಾಡಿದ್ದೆ, ಜೋನಿಬೆಲ್ಲ ಕರಗಿಸಿದ್ದೆ, ಏಲಕ್ಕಿ ಹಾಕಿದ್ದೆ. ನಂಜಿಕೊಳ್ಳಲು ಮಾವಿನಮಿಡಿ ಉಪ್ಪಿನಕಾಯಿ. ಸಿಹಿಯ ನಡುವೆ ಅದರ ಹುಳಿಖಾರ ಇಲ್ಲದಿದ್ದರೆ ಮೂರನೆಯ ಸುರುಳಿಗೆ ನಾಲಿಗೆ ಸೋಲುತ್ತದೆ. ಮಗ ಐದು ತಿಂದ. ಅಪ್ಪಯ್ಯ ಎಣಿಸಲು ಬಿಡಲಿಲ್ಲ, ಎಲೆಯನ್ನು ಮುಂದೆ ಮುಂದೆ ತಳ್ಳುತ್ತಿದ್ದರು.

ಕೊನೆಯ ಉಂಡೆಯ ನಂತರ ಒರಳಿನ ತಳದಲ್ಲಿ ಉಳಿದದ್ದನ್ನೆಲ್ಲ ಕೂಡಿಸಿ ಒತ್ತಿದರೆ ಒಂದು ಪುಟ್ಟ ಸುರುಳಿ ಬರುತ್ತದೆ. ನಮ್ಮ ಮನೆಯಲ್ಲಿ ಅದು ಎಲೆ ತಿರುಗಿಸಿದವರ ಪಾಲು. ಎಷ್ಟು ಜಗಳವಾದರೂ ಅಮ್ಮ ಅದನ್ನು ತಮ್ಮನಿಗೆ ಕೊಡುತ್ತಿರಲಿಲ್ಲ, ನನಗೇ ಕೊಡುತ್ತಿದ್ದಳು. ನಾನು ಅದನ್ನು ಅಪ್ಪಯ್ಯನ ಎಲೆಗೆ ಹಾಕಿದೆ. ಒಂದು ಕ್ಷಣ ನೋಡಿದರು, ಕಾಯಿಹಾಲು ಹಾಕಿಸಿಕೊಳ್ಳದೆ ಬರಿದೇ ಬಾಯಿಗಿಟ್ಟುಕೊಂಡರು.

ಆಮೇಲೆ ಮೊಮ್ಮಗನನ್ನು ಕರೆದು ಹೊಸ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತರಲು ಹೇಳಿದರು. ಹಿಟ್ಟು ಒಣಗುವ ಮೊದಲೇ ಬಿಲ್ಲೆಯ ತೂತುಗಳನ್ನು ಚುಚ್ಚಿ ತೆಗೆಯಬೇಕಂತೆ. ಇಬ್ಬರೂ ಬಾಲ್ಕನಿಯಲ್ಲಿ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಕುಳಿತರು. "ಇದು ಮುಚ್ಚಿದೆ ಅಜ್ಜಯ್ಯ, ಇದೂ ಮುಚ್ಚಿದೆ" ಎಂದು ಮಗ ತೋರಿಸುತ್ತಿದ್ದ, ಅವರು ಚುಚ್ಚುತ್ತಿದ್ದರು.