ಅಪ್ಪನ ಕಾಲಂ ಒಂದೇ, ಅಪ್ಪಂದಿರು ಇಬ್ಬರು

ನಮ್ಮ ಆಫೀಸಿನ ಡೇಟಾ ಎಂಟ್ರಿ ಟೂಲ್‌ನಲ್ಲಿ ಒಬ್ಬರಿಗೆ ಒಬ್ಬನೇ ಅಪ್ಪ. ಎರಡನೇ ಹೆಸರು ಹಾಕಿದರೆ ಸಾಲು ಕೆಂಪಾಗುತ್ತದೆ, ಬ್ಯಾಚ್ ಸಬ್ಮಿಟ್ ಆಗುವುದಿಲ್ಲ. ಇಂಥ ಟೂಲ್ ಇಟ್ಟುಕೊಂಡು ಹಳೇ ಚೀನಾದ ಅಧಿಕಾರಿಗಳ ವಂಶವೃಕ್ಷ ಮಾಡಿಕೊಡುತ್ತೇವೆ ಅಂತ ಮೇಲಿನವರು ಒಪ್ಪಿಕೊಂಡು ಬಂದಿದ್ದರು.

ಅಲ್ಲಿ ಮಂತ್ರಿ, ಸೇನಾಪತಿಗಳ ಮನೆಯಲ್ಲಿ ಗಂಡುಮಗು ಆಗದಿದ್ದರೆ ಅಣ್ಣನದೋ ತಮ್ಮನದೋ ಮಗನನ್ನು ದತ್ತು ತಗೊಳ್ಳುತ್ತಿದ್ದರು. ಹಿರಿಯರಿಗೆ ಎಡೆ ಇಡಲು ಅದೇ ಮನೆತನದ ಗಂಡು ಬೇಕು, ನಮ್ಮಲ್ಲಿ ದಾಯಾದಿ ಮಗನನ್ನೇ ಹುಡುಕುತ್ತಿದ್ದ ಹಾಗೆ. ಹಾಗಾಗಿ ಶೀಟಿನ ತುಂಬಾ ಕೆಂಪು. ನಮ್ಮ ಟೀಮ್ ಲೀಡರ್, ಅಂದರೆ ಟಿಎಲ್, ಗ್ರೂಪಿನಲ್ಲಿ ಒಂದೇ ಸಾಲು ಹಾಕಿದರು: "ಹೆತ್ತಪ್ಪನನ್ನು ಇಡಿ, ದತ್ತು ಅಪ್ಪನನ್ನು ಡಿಲೀಟ್ ಮಾಡಿ, ಕ್ಲೋಸ್ ಮಾಡಿ."

"ಸರ್, ತ್ಸಾವ್ ತ್ಸಾವ್ ಕಥೆ ಏನ್ಮಾಡೋದು?" ಅಂತ ಕೇಳಿದೆ. ತ್ಸಾವ್ ತ್ಸಾವ್ ಹಾನ್ ರಾಜವಂಶದ ಕೊನೆಗಾಲದ ದೊಡ್ಡ ಸೇನಾಪತಿ. ಇವನ ಅಜ್ಜ ತ್ಸಾವ್ ಟೆಂಗ್ ಅದೇ ಹಾನ್ ಅರಮನೆಯ ನಪುಂಸಕ ಅಧಿಕಾರಿ. ಮಕ್ಕಳಾಗುವ ಮಾತೇ ಇಲ್ಲ. ಅವನು ದತ್ತು ತಗೊಂಡ, ತ್ಸಾವ್ ತ್ಸಾವ್‌ನ ಅಪ್ಪ ತ್ಸಾವ್ ಸಾಂಗ್‌ನ ಹೆತ್ತವರು ಯಾರೆಂದು ಇತಿಹಾಸಕಾರ ಚೆನ್ ಶೌಗೇ ಪತ್ತೆ ಹತ್ತಲಿಲ್ಲ. ಟಿಎಲ್ ರೂಲ್ ಹಾಕಿದರೆ ಮನೆತನ ಸಾಂಗ್‌ನಿಂದಲೇ ಶುರು. ಆದರೆ ಕ್ರಿ.ಶ. 229ರಲ್ಲಿ ತ್ಸಾವ್ ತ್ಸಾವ್‌ನ ಮೊಮ್ಮಗ, ಹಾನ್ ಮುಗಿದ ಮೇಲೆ ಬಂದ ವೇಯಿ ರಾಜ್ಯದ ಆಗಿನ ಚಕ್ರವರ್ತಿ, ಯಾವತ್ತೋ ಸತ್ತುಹೋಗಿದ್ದ ಇದೇ ಟೆಂಗ್‌ಗೆ ಚಕ್ರವರ್ತಿ ಪದವಿ ಕೊಟ್ಟ. ಅವನನ್ನೇ ಡಿಲೀಟ್ ಮಾಡೋದಾ?

"ಅದೊಂದು ಎಕ್ಸೆಪ್ಶನ್, ಇಟ್ಕೊಳ್ಳಿ" ಅಂದರು.

ಕ್ಲೈಂಟ್ ಕಾಲ್‌ಗೆ ನಾನು ತ್ಸಾವ್ ಮನೆತನವನ್ನೇ ಓದಿಕೊಂಡು ಹೋದೆ. ಕೇಳಿದರೆ ಅದನ್ನೇ ಕೇಳುತ್ತಾರೆ ಅಂತ ಲೆಕ್ಕ. ಆ ಕಡೆಯ ರಿವ್ಯೂವರ್ ಮೇಡಂ ಸೀದಾ ಅದೇ ಕಾಲದ ಶು ರಾಜ್ಯದ ಮಹಾಮಂತ್ರಿ ಝೂಗೆ ಲಿಯಾಂಗ್ ಪೇಜ್ ತೆಗೆದರು. "ಚಿಯಾವ್ ಎಲ್ಲಿ?"

ಟಿಎಲ್ ಮ್ಯೂಟ್‌ಗೆ ಹೋದರು. ಚಾಟಿನಲ್ಲಿ ನನಗೆ: "ಹ್ಯಾಂಡಲ್ ಮಾಡಿ."

ಲಿಯಾಂಗ್‌ಗೆ ಮೊದಲು ಮಕ್ಕಳಿರಲಿಲ್ಲ. ಅಣ್ಣ ಝೂಗೆ ಜಿನ್ ವೂ ರಾಜ್ಯದಲ್ಲಿ ಅಧಿಕಾರಿ, ಬೇರೆ ದೊರೆಯ ಉಪ್ಪು ತಿನ್ನುವವನು. ಆ ದೊರೆ ಸುನ್ ಚುವಾನ್‌ಗೆ ತಿಳಿಸಿ ತನ್ನ ಎರಡನೇ ಮಗ ಚಿಯಾವ್‌ನನ್ನು ತಮ್ಮನಿಗೆ ಕಳಿಸಿಕೊಟ್ಟ. ಅಲ್ಲಿ ಹುಟ್ಟುಹೆಸರಿನ ಜೊತೆ ಗೌರವಕ್ಕೆ ಇನ್ನೊಂದು ಹೆಸರು ಇಡುತ್ತಿದ್ದರು; ಎರಡನೆಯವನು ಅಂತ ತೋರಿಸುತ್ತಿದ್ದ ಹುಡುಗನ ಆ ಹೆಸರನ್ನೂ ಬದಲಿಸಿ ಹಿರಿಮಗನಿಗೆ ಇಡುವಂಥದ್ದು ಇಟ್ಟರು. ಲಿಯಾಂಗ್‌ಗೆ ಸ್ವಂತ ಮಗ ಝಾನ್ ಹುಟ್ಟಿದ್ದು ಆಮೇಲೆ, 227ರಲ್ಲಿ. ಇಷ್ಟು ಮಾಡಿ ಕರೆತಂದ ಹಿರಿಮಗನನ್ನು ನಮ್ಮ ಶೀಟು ಮನೆಯಿಂದ ಹೊರಗೆ ಹಾಕಿತ್ತು.

"ಎಲ್ಲ ಕಡೆ ದತ್ತು ಅಪ್ಪನನ್ನೇ ಹಾಕಿ ಬ್ಯಾಚ್ ರೀವರ್ಕ್ ಮಾಡುತ್ತೇವೆ" ಅಂದುಬಿಟ್ಟೆ. ಟಿಎಲ್ ತಕ್ಷಣ ಅನ್‌ಮ್ಯೂಟ್ ಆಗಿ "ಯೆಸ್, ಯೆಸ್" ಅಂದರು. ಮೇಡಂ ಕೆಳಗೆ ಸ್ಕ್ರೋಲ್ ಮಾಡಿದರು.

"ಹಾಗಾದ್ರೆ ಚಿಯಾವ್ ಮಗ ಪಾನ್ ಯಾರ ಮೊಮ್ಮಗ?"

"ಲಿಯಾಂಗ್ ಮೊಮ್ಮಗ."

"253 ಆದ್ಮೇಲೂ?"

ಬಾಯಿ ಕಟ್ಟಿತು. ಸ್ಕ್ರೀನ್ ಶೇರ್ ಆನ್ ಇತ್ತು, ನನ್ನ ಕರ್ಸರ್ ಸುಮ್ನೆ ಅಲ್ಲೇ ಮಿಣುಕುತ್ತಿತ್ತು. ಅವರೇ ಹೇಳಿದರು. ಆ ವರ್ಷ ವೂ ರಾಜ್ಯದಲ್ಲಿ ಜಿನ್‌ನ ಹಿರಿಮಗ ಝೂಗೆ ಕೆಯನ್ನು ಕೊಂದು, ಅವನ ಮಕ್ಕಳುಮರಿಗಳನ್ನೂ ಮುಗಿಸಿದರು. ಜಿನ್ ಮನೆಗೆ ದೀಪ ಹಚ್ಚುವವರಿಲ್ಲ. ಲಿಯಾಂಗ್ ಕಡೆಗಾದರೆ ಸ್ವಂತ ಸಂತಾನ ಇತ್ತು. ಅದಕ್ಕೇ ಪಾನ್‌ನನ್ನು ವಾಪಸ್ ಜಿನ್‌ನ ವಾರಸುದಾರ ಮಾಡಿದರು. ಟಿಎಲ್ ರೂಲೂ ತಪ್ಪು, ನನ್ನ ರೂಲೂ ತಪ್ಪು. ಇಸವಿ ಹಾಕದೆ ಉತ್ತರವೇ ಇಲ್ಲ.

ಈಗ ಕೆಂಪು ಸಾಲು ಕಂಡರೆ ಡಿಲೀಟ್ ಮುಟ್ಟುವುದಿಲ್ಲ. ಈ ಸಂಬಂಧ ಯಾವಾಗಿಂದ, ಯಾವಾಗಿನವರೆಗೆ ಅಂತ ಮೊದಲು ನೋಡುತ್ತೇನೆ. ಎರಡನೇ ಅಪ್ಪನ ಕಾಲಂ, ಜೊತೆಗೆ ಶುರುವಿನ ಇಸವಿ, ಮುಗಿದ ಇಸವಿ ಬೇಕು ಅಂತ ಟಿಕೆಟ್ ಕೂಡ ಹಾಕಿದೆ. ಮುಂದಿನ ರಿಲೀಸ್‌ನಲ್ಲಿ ಬರುತ್ತದೆ ಅಂದರು. ರಿಲೀಸ್ ಬಂತು. ಬಟನ್‌ಗಳ ಬಣ್ಣ ಬದಲಾಗಿದೆ.

ಸದ್ಯದ ಬ್ಯಾಚ್‌ನಲ್ಲಿ ಚೀನಾದ ಕೊನೆಯ ರಾಜವಂಶ ಚಿಂಗ್ ಕಾಲದ ದೊಡ್ಡ ಅಧಿಕಾರಿ ಲಿ ಹಾಂಗ್‌ಝಾಂಗ್ ಬಂದಿದ್ದಾನೆ. ತಮ್ಮನ ಮಗ ಜಿಂಗ್‌ಫಾಂಗ್‌ನನ್ನು ದತ್ತು ತಗೊಂಡ, ಆಮೇಲೆ ಸ್ವಂತ ಮಗ ಹುಟ್ಟಿದ. 1901ರಲ್ಲಿ ಹಾಂಗ್‌ಝಾಂಗ್ ತೀರಿಕೊಂಡ ಮೇಲೆ ವಂಶಪಾರಂಪರ್ಯದ ಪದವಿ ಹೋಗಿದ್ದು ಸ್ವಂತ ಮಗನ ಕವಲಿಗೆ, ಜಿಂಗ್‌ಫಾಂಗ್‌ಗಲ್ಲ. ಇದೆಲ್ಲವನ್ನೂ ರಿಮಾರ್ಕ್ಸ್ ಕಾಲಂನಲ್ಲಿ ಬರೆದೆ. ರಿಮಾರ್ಕ್ಸ್ ಉದ್ದ ಜಾಸ್ತಿ ಆಯ್ತು ಅಂತ ಕೆಲಸ ಚೆಕ್ ಮಾಡುವ ಕ್ಯೂಸಿಯವರು ರಿಜೆಕ್ಟ್ ಮಾಡಿದ್ದಾರೆ.