ಹನ್ನೊಂದನೇ ವಚನಕ್ಕೆ ಪುಸ್ತಕ ಮುಚ್ಚಿಸಿ

ವ್ಯಾಲ್ಯುಯೇಷನ್ ಮುಗಿಯಿತು. ಹಳೆ ಒಡಂಬಡಿಕೆ ಪೇಪರಿನಲ್ಲಿ ಈ ಸಲವೂ ಅದೇ ಹತ್ತು ಅಂಕದ ಪ್ರಶ್ನೆ: ‘ಸುಳ್ಳು ಪ್ರವಾದಿಗಳ ಲಕ್ಷಣಗಳನ್ನು ವಿವರಿಸಿರಿ.’ ಕಟ್ಟುಗಟ್ಟಲೆ ಒಂದೇ ಉತ್ತರ: ಹೇಳಿದ್ದು ನೆರವೇರದಿದ್ದರೆ ಅವನು ಸುಳ್ಳು ಪ್ರವಾದಿ, ಧರ್ಮೋಪದೇಶಕಾಂಡ 18:22. ಅದರ ಕೆಳಗೆ ಒಂದಿಷ್ಟು ದುಡ್ಡಿನಾಸೆ, ಕುಡಿತ, ಅನ್ಯದೇವರಾದ ಬಾಳನ ಪೂಜೆ. ಅಂಕ ಕೊಡಲು ನಮ್ಮ ಕೈಗಿಡುವ ಮಾದರಿ ಉತ್ತರ, ಅಂದರೆ ಸ್ಕೀಮ್‌ನಲ್ಲೂ ಅಷ್ಟೇ ಇರುವುದರಿಂದ ಪೂರ್ತಿ ಅಂಕ ಕೊಡದೆ ವಿಧಿಯಿಲ್ಲ. ಬರೆದವರನ್ನು ಬೈದು ಪ್ರಯೋಜನವಿಲ್ಲ, ನಾವು ಪಾಠ ಮಾಡುವುದೇ ಹಾಗೆ. ಆದರೆ ಈ ಉತ್ತರ ಕಂಠಪಾಠ ಮಾಡಿಕೊಂಡು ಕ್ರಿ.ಪೂ. 594ರಲ್ಲಿ ಜೆರುಸಲೇಮಿನ ದೇವಾಲಯದೊಳಗೆ ನಿಂತವನು ನೇರವಾಗಿ ಸುಳ್ಳು ಪ್ರವಾದಿ ಹನನ್ಯನ ಬಲೆಗೇ ಬೀಳುತ್ತಾನೆ.

ಆದ್ದರಿಂದ ಈ ಪಾಠ ತೆಗೆದುಕೊಳ್ಳುವವರಿಗೆ ಮೊದಲ ಮಾತು: ಪ್ರವಾದಿ ಯೆರೆಮೀಯನೂ ಹನನ್ಯನೂ ಎದುರುಬದುರಾಗುವ ಯೆರೆಮೀಯ 28ನ್ನು ಒಂದೇ ಉಸಿರಿಗೆ ಓದಿಸಬೇಡಿ. ಇರುವುದು ಹದಿನೇಳೇ ವಚನ. 15ರಲ್ಲಿ ‘ಕರ್ತನು ನಿನ್ನನ್ನು ಕಳುಹಿಸಲಿಲ್ಲ’ ಎಂಬ ತೀರ್ಪು ಬಂದುಬಿಡುತ್ತದೆ, 17ರಲ್ಲಿ ಹನನ್ಯ ಸತ್ತೇ ಹೋಗುತ್ತಾನೆ. ಅಷ್ಟು ಗೊತ್ತಾದ ಮೇಲೆ ತರಗತಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 11ರವರೆಗೆ ಮಾತ್ರ ಜೆರಾಕ್ಸ್ ಮಾಡಿ ಹಂಚಿ, ಇಬ್ಬರ ಹೆಸರನ್ನೂ ತೆಗೆದು ‘ಅ’, ‘ಬ’ ಎಂದು ಹಾಕಿ. ಬೈಬಲ್ ಬ್ಯಾಗಿನಲ್ಲೇ ಇರಲಿ. ಇಲ್ಲದಿದ್ದರೆ ಹಿಂದಿನ ಬೆಂಚಿನವರು ಸದ್ದಿಲ್ಲದೆ ಮುಂದಿನ ವಚನಗಳನ್ನು ಓದಿಕೊಂಡು ದೇವಭಕ್ತರಂತೆ ಕೈ ಎತ್ತುತ್ತಾರೆ.

ಹಾಳೆ ಹಂಚುವ ಮೊದಲು ಬೋರ್ಡಿನ ಮೇಲೆ ಮೂರು ಇಸವಿ ಬರೆಯಿರಿ: 701, 597, 594. ಎಲ್ಲವೂ ಕ್ರಿ.ಪೂ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ನೀತಿಕಥೆಯಾಗುತ್ತದೆ.

701ರಲ್ಲಿ ಅಸ್ಸೀರಿಯದ ಸನ್ಹೇರೀಬ ಯೆಹೂದದ ಕೋಟೆ ಊರುಗಳನ್ನೆಲ್ಲ ನುಂಗಿ ಜೆರುಸಲೇಮಿನ ಬಾಗಿಲಿಗೆ ಬಂದ. ಯೆಹೂದದ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದೆ ಎಂದು ತನ್ನ ಶಾಸನದಲ್ಲಿ ಕೊಚ್ಚಿಕೊಂಡನೇ ಹೊರತು ಊರು ಹಿಡಿದೆ ಎಂದು ಬರೆಸಲಿಲ್ಲ. ಊರು ಬೀಳುವುದಿಲ್ಲ ಎಂದಿದ್ದ ಪ್ರವಾದಿ ಯೆಶಾಯನ ಮಾತು ನಿಂತಿತು. ಅಂದಿನಿಂದ ಜೆರುಸಲೇಮಿನ ಚೀಯೋನ್ ಬೆಟ್ಟವನ್ನು ದೇವರೇ ಕಾಯುತ್ತಾನೆ ಎಂಬುದು ಜನರ ಪಾಲಿಗೆ ಕಣ್ಣಾರೆ ಕಂಡ ಸತ್ಯ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಬಂದು ಅರಸ ಯೆಕೊನ್ಯನನ್ನೂ ದೇವಾಲಯದ ಪಾತ್ರೆಗಳನ್ನೂ ಬಾಬಿಲೋನಿಗೆ ಸಾಗಿಸಿದ, ಚಿದ್ಕೀಯನನ್ನು ಪಟ್ಟಕ್ಕೆ ಕೂರಿಸಿದ. ಆದರೂ ದೇವಾಲಯ ನಿಂತೇ ಇತ್ತು. ಆಮೇಲೆ 595-594ರ ಸುಮಾರಿಗೆ ಬಾಬಿಲೋನಿನಲ್ಲೇ ದಂಗೆ ಎದ್ದಿತ್ತೆಂದು ಆ ದೇಶದ್ದೇ ವಾರ್ಷಿಕ ವೃತ್ತಾಂತ ಹೇಳುತ್ತದೆ. 27ನೇ ಅಧ್ಯಾಯ ನೋಡಿದರೆ ಎದೋಮ್, ಮೋವಾಬ್, ಅಮ್ಮೋನ್, ತೂರ್, ಚೀದೋನ್ ದೂತರು ಚಿದ್ಕೀಯನ ಆಸ್ಥಾನದಲ್ಲಿದ್ದಾರೆ. ಒಟ್ಟಾಗಿ ದಂಗೆ ಏಳುವ ಮಾತು ನಡೆದಿರಬೇಕು. ಅಂಥ ಹೊತ್ತಿನಲ್ಲಿ ಯೆರೆಮೀಯ ಕುತ್ತಿಗೆಗೆ ಮರದ ನೊಗ ಕಟ್ಟಿಕೊಂಡು ‘ಬಾಬಿಲೋನಿಗೆ ತಲೆಬಾಗಿ, ಬದುಕಿಕೊಳ್ಳಿ’ ಎನ್ನುತ್ತಾ ತಿರುಗುತ್ತಿದ್ದ. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ ದೇಶದ್ರೋಹಿ.

594ರ ಐದನೇ ತಿಂಗಳು. ದೇವಾಲಯದಲ್ಲಿ, ಯಾಜಕರೂ ಜನರೂ ನೋಡುತ್ತಿರುವಾಗ, ಗಿಬ್ಯೋನಿನ ಹನನ್ಯ ಎದ್ದು ನಿಂತ. ಯೆರೆಮೀಯ ಬಳಸುವ ಅದೇ ಪೀಠಿಕೆ: ಸೇನಾಧೀಶ್ವರನೂ ಇಸ್ರಾಯೇಲರ ದೇವರೂ ಆದ ಕರ್ತನ ಹೆಸರು. ಬಾಬಿಲೋನಿನ ನೊಗ ಮುರಿದಿದ್ದೇನೆ, ಎರಡು ವರ್ಷದೊಳಗೆ ಪಾತ್ರೆಗಳೂ ಯೆಕೊನ್ಯನೂ ಸೆರೆಹೋದವರೂ ವಾಪಸು ಬರುತ್ತಾರೆ ಎಂದ. ಇಲ್ಲಿ ಹಾಳೆಯಿಂದ ತಲೆ ಎತ್ತಿಸಿ, ‘ಎರಡು ವರ್ಷ’ ಎಂಬುದಕ್ಕೆ ಗೆರೆ ಹೊಡೆಸಿ. ಹನನ್ಯ ಹಾರಿಕೆಯ ಮಾತಾಡಲಿಲ್ಲ, ಗಡುವು ಕೊಟ್ಟ. ಎದುರಿಗಿದ್ದ ಯೆರೆಮೀಯ ಹೇಳುತ್ತಿದ್ದದ್ದು ಮಗನ ಕಾಲ, ಮೊಮ್ಮಗನ ಕಾಲ ಎಂದು; ಮುಂದೆ ಸೆರೆಯವರಿಗೆ ಬರೆದ ಪತ್ರದಲ್ಲಿ ಎಪ್ಪತ್ತು ವರ್ಷ ಎಂದ. ಧರ್ಮೋಪದೇಶಕಾಂಡ 18ರ ಅಳತೆಗೋಲಿಗೆ ಧೈರ್ಯವಾಗಿ ಕುತ್ತಿಗೆ ಕೊಟ್ಟವನು ಹನನ್ಯ. ಯೆರೆಮೀಯನ ಮಾತನ್ನು ಪರೀಕ್ಷಿಸಲು ಅಲ್ಲಿದ್ದವರಲ್ಲಿ ಹೆಚ್ಚಿನವರು ಬದುಕಿಯೇ ಇರುತ್ತಿರಲಿಲ್ಲ.

ಯೆರೆಮೀಯ ‘ನೀನು ಸುಳ್ಳ’ ಎನ್ನಲಿಲ್ಲ. ‘ಆಮೆನ್, ಕರ್ತನು ಹಾಗೆಯೇ ಮಾಡಲಿ’ ಎಂದ. ನಮಗೆ ಮುಂಚಿನ ಪ್ರವಾದಿಗಳು ಯುದ್ಧ, ವಿಪತ್ತು, ವ್ಯಾಧಿಗಳನ್ನೇ ನುಡಿದರು, ಸಮಾಧಾನ ನುಡಿಯುವವನ ಮಾತು ನೆರವೇರಿದಾಗಲೇ ಅವನನ್ನು ನಂಬಬೇಕು ಎಂದು ಸೇರಿಸಿದ. ಸಾಕ್ಷಿಯ ಭಾರವನ್ನು ಸಿಹಿಸುದ್ದಿಯವನ ಹೆಗಲಿಗೆ ಹೊರಿಸಿದ್ದು, ಅಷ್ಟೇ. ಹನನ್ಯ ಬಂದು ಅವನ ಕುತ್ತಿಗೆಯ ನೊಗ ಕಿತ್ತು ಎಲ್ಲರೆದುರು ಮುರಿದ. ಯೆರೆಮೀಯ ತನ್ನ ದಾರಿ ಹಿಡಿದು ಹೋದ. ಹನ್ನೊಂದನೇ ವಚನ ಮುಗಿಯಿತು.

ಈಗ ಕೈ ಎತ್ತಿಸಿ. ಹೆಸರಿಲ್ಲದ ಹಾಳೆಯಲ್ಲಿ ಹನನ್ಯನೇ ಗೆಲ್ಲುತ್ತಾನೆ, ಗೆಲ್ಲಬೇಕಾದದ್ದೂ ಹಾಗೆಯೇ. ಅವನ ಮಾತಿನಲ್ಲಿ ಭಕ್ತಿಯಿದೆ, ದೇಶಪ್ರೇಮವಿದೆ, 701ರ ಪುರಾವೆಯಿದೆ. ಮರುಮಾತಿಲ್ಲದೆ ಹೊರಟುಹೋದವನು ಸೋತವನಂತೆ ಕಾಣುತ್ತಾನೆ. ಅಪಾಯ ಇರುವುದು ಇಲ್ಲೇ. ಒಂದು ಕಾಲಕ್ಕೆ ಸತ್ಯವಾಗಿದ್ದ ಮಾತನ್ನು ಹನನ್ಯ ಕಾಲ ತಪ್ಪಿ ಹೇಳಿದ, ಕೇಳಿದವರು ಅದನ್ನು ಗುರುತು ಹಿಡಿದೇ ನಂಬಿದರು.

ಸುಳ್ಳು ಪ್ರವಾದಿಯನ್ನು ಗುರುತಿಸುವ ಒಂದೊಂದೇ ಪರೀಕ್ಷೆಯನ್ನು ಹುಡುಗರು ತೆಗೆಯುತ್ತಾರೆ. ತೆಗೆಯಲಿ. ಧರ್ಮೋಪದೇಶಕಾಂಡ 13: ಸೂಚಕಕಾರ್ಯ ನಡೆದರೂ ಬೇರೆ ದೇವರ ಕಡೆಗೆ ಕರೆದರೆ ನಂಬಬೇಡಿ. ಹನನ್ಯ ಬೇರೆ ದೇವರ ಹೆಸರೇ ಎತ್ತಲಿಲ್ಲ. 18ನೇ ಅಧ್ಯಾಯದ್ದಕ್ಕೆ ಎರಡು ವರ್ಷ ಕಾಯಬೇಕು, ದಂಗೆಯ ತೀರ್ಮಾನ ಅಷ್ಟು ದಿನ ಕಾಯುವುದಿಲ್ಲ. ಮೇಲಾಗಿ ಚೀಯೋನ್ ಹೊಲದಂತೆ ಉಳಲ್ಪಡುತ್ತದೆ ಎಂದು ಪ್ರವಾದಿ ಮೀಕ ಹೇಳಿದ್ದು ಹಿಜ್ಕೀಯನ ಕಾಲದಲ್ಲಿ ನೆರವೇರಲಿಲ್ಲ. ಅರಸ ದೇವರಿಗೆ ಅಂಜಿದ್ದರಿಂದ ತಪ್ಪಿತು ಎಂದು ಯೆರೆಮೀಯನ ವಿಚಾರಣೆಯಲ್ಲಿ ಹಿರಿಯರು ಸಾಕ್ಷಿ ಹೇಳಿದ್ದಾರೆ (26:18-19). ನೆರವೇರದ ಮಾತು ಹೇಳಿದ ಮೀಕನನ್ನು ಯಾರೂ ಸುಳ್ಳ ಎನ್ನಲಿಲ್ಲ.

ದುಡ್ಡಿನ ಲಕ್ಷಣವಂತೂ ಉತ್ತರಪತ್ರಿಕೆಯ ಮುದ್ದಿನ ಸಾಲು. ಮುಂದೆ ಅರಸನಾದ ಸೌಲ ಪ್ರವಾದಿ ಸಮುವೇಲನ ಬಳಿಗೆ ಹೊರಟಾಗ ಕೈಯಲ್ಲಿದ್ದದ್ದು ಕಾಲು ಶೆಕೆಲ್ ಬೆಳ್ಳಿ. ಯಾರೊ­ಬ್ಬಾಮನ ಹೆಂಡತಿ ಪ್ರವಾದಿ ಅಹೀಯನಿಗೆ ಒಯ್ದದ್ದು ಹತ್ತು ರೊಟ್ಟಿ, ಒಂದಿಷ್ಟು ತಿಂಡಿ, ಒಂದು ಕುಡಿಕೆ ಜೇನು. ಕಾಣಿಕೆ ರೂಢಿಯಲ್ಲಿತ್ತು. ಮೀಕ 3:5 ಬಯ್ಯುವುದು ಬೇರೆಯದನ್ನು: ಬಾಯಿಗೆ ತುತ್ತು ಬಿದ್ದರೆ ಸಮಾಧಾನ, ಬೀಳದಿದ್ದರೆ ಯುದ್ಧ. ದರ ನೋಡಿ ಮಾತು ಬದಲಾಗುತ್ತದೆಯೇ ಎಂದು ನೋಡಬೇಕು. ಸ್ಕೀಮ್ ಬರೆದವರು ಈ ವ್ಯತ್ಯಾಸವನ್ನು ಒಮ್ಮೆಯಾದರೂ ನೋಡಿದ್ದರೆ ಚೆನ್ನಾಗಿತ್ತು.

ಇಷ್ಟಾದ ಮೇಲೆ 12ರಿಂದ ಓದಿಸಿ. ‘ಮರದ ನೊಗ ಮುರಿದೆ, ಬದಲಿಗೆ ಕಬ್ಬಿಣದ ನೊಗ ಬರುತ್ತದೆ’ ಎಂಬ ಮಾತು ಯೆರೆಮೀಯನಿಗೆ ಬಂದದ್ದು ಆಮೇಲೆ, ಅಂಗಳದಲ್ಲಿ ನಿಂತಾಗ ಬರಲಿಲ್ಲ. ಜೆರುಸಲೇಮ್ ಬಿದ್ದ ನಂತರವೂ ಜನ ಕೇಳಿದ ಪ್ರಶ್ನೆಗೆ ಅವನು ಹತ್ತು ದಿನ ಕಾದು ಉತ್ತರ ಕೊಟ್ಟ (42:7). ಹನನ್ಯನ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು. ಅವನು ಏಳನೇ ತಿಂಗಳಲ್ಲಿ ಸತ್ತ. ಆದರೂ ಆಸ್ಥಾನದ ಮನಸ್ಸು ತಿರುಗಲಿಲ್ಲ: ಚಿದ್ಕೀಯ ದಂಗೆ ಎದ್ದ, 587ರಲ್ಲಿ (586 ಎನ್ನುವವರೂ ಇದ್ದಾರೆ) ಊರೂ ದೇವಾಲಯವೂ ಸುಟ್ಟುಹೋದವು, ಅರಸನ ಮಕ್ಕಳನ್ನು ಅವನ ಕಣ್ಣೆದುರೇ ಕೊಂದು ಆಮೇಲೆ ಅವನ ಕಣ್ಣು ಕೀಳಿಸಿದರು.

ಪೀರಿಯಡ್ ಉಳಿದರೆ 1 ಅರಸುಗಳು 22 ತೆಗೆದುಕೊಳ್ಳಿ: ಇಸ್ರಾಯೇಲಿನ ಅರಸ ಅಹಾಬನೆದುರು ಒಕ್ಕೊರಲಿನ ನಾನೂರು ಪ್ರವಾದಿಗಳು, ಅವರಾಚೆ ಒಬ್ಬ ಮೀಕಾಯೆಹು. ಕರೆಯಲು ಹೋದ ದೂತನೇ ‘ನೀನೂ ಅವರಂತೆಯೇ ಹೇಳಿಬಿಡು’ ಎಂದು ದಾರಿಯಲ್ಲಿ ಬುದ್ಧಿ ಹೇಳುವ ವಚನವನ್ನು ಮಾತ್ರ ಬಿಡಬೇಡಿ.

ಪ್ರಶ್ನೆ ಬದಲಿಸಿ ಎಂದರೆ ಬೋರ್ಡಿನವರು ಒಪ್ಪುವುದಿಲ್ಲ. ‘28:11ರ ಹೊತ್ತಿಗೆ ಅಲ್ಲಿದ್ದ ಒಬ್ಬ ಯಾಜಕನಿಗೆ ಇಬ್ಬರಲ್ಲಿ ಯಾರನ್ನು ನಂಬಲು ಯಾವ ಆಧಾರಗಳಿದ್ದವು?’ ಎಂದು ಕೇಳಿದರೆ ಕೀ ಆನ್ಸರ್ ಬರೆಯುವುದು ಹೇಗೆ ಎನ್ನುತ್ತಾರೆ. ಸದ್ಯಕ್ಕೆ ಇಂಟರ್ನಲ್‌ನಲ್ಲಿ ಐದು ಅಂಕಕ್ಕೆ ಕೇಳಿಕೊಳ್ಳಿ. ಇಂಟರ್ನಲ್‌ಗೆ ಸ್ಕೀಮ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ.